ಪಗಾರದ ಬದು

(ತಿಳವಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿಯಿಂದಲೇ ಮಾತು ಶುರುಮಾಡುತ್ತೇನೆ. ಈ ದತ್ತಿಯನ್ನು ಇಟ್ಟವರು ಒಬ್ಬ ಅಣ್ಣ, ಒಬ್ಬ ತಂಗಿ. ತಮ್ಮ ಪಗಾರದಲ್ಲಿ ಉಳಿಸಿದ್ದನ್ನು ತಂದೆ-ತಾಯಿಯ ಹೆಸರಿನಲ್ಲಿ ಠೇವಣಿ ಇಟ್ಟಿದ್ದಾರೆ. ಮೂಲಧನವನ್ನು ಯಾರೂ ಮುಟ್ಟಬಾರದು, ಬರುವ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು ಎಂದು ಪತ್ರದಲ್ಲಿ ಬರೆಸಿದ್ದಾರೆ. ನಾನು 33 ವರ್ಷ ಬ್ಯಾಂಕಿನಲ್ಲಿ ದುಡಿದವನು, ಪತ್ರ ಕೈಗೆ ಬಂದರೆ ಕಣ್ಣು ಮೊದಲು ಷರತ್ತಿನ ಮೇಲೆ ಹೋಗುತ್ತದೆ. ಈ ಷರತ್ತನ್ನು ಓದಿ ಯಾರೂ ‘ನಮ್ಮ ಮೇಲೆ ನಂಬಿಕೆ ಇಲ್ಲವೇ’ ಎಂದು ಕೇಳಿಲ್ಲ. ಆದರೆ ಇದೇ ಅಣ್ಣ-ತಂಗಿ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಮೊದಲ ಪಗಾರ ಕೈಗೆ ಬಂದ ದಿನ, “ಅವ್ವಾ, ತಿಂಗಳಾ ಇಷ್ಟು ಮನಿಗೆ ಕೊಡ್ತೇನಿ, ಇಷ್ಟು ನನಗ ಇರಲಿ” ಎಂದಿದ್ದರೆ ಏನಾಗುತ್ತಿತ್ತು? ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಆ ಸಂಜೆ ಯಾರೂ ಸರಿಯಾಗಿ ಉಣ್ಣುತ್ತಿರಲಿಲ್ಲ.

ಕೊಡುವಾಗ ಗೆರೆ ಹಾಕುವುದು ನಮಗೆ ಹೊಸದಲ್ಲ. ನೀವೆಲ್ಲ ದಿನಾ ನೋಡುವ ಶಾಂತೇಶ್ವರ ದೇವಾಲಯ ಸೇವುಣರ ಕಾಲದ್ದು, 13ನೆಯ ಶತಮಾನದ್ದು. ಆ ಕಾಲದ ದಾನಶಾಸನಗಳನ್ನು ಈ ಹಾನಗಲ್ಲ ಸೀಮೆಯಲ್ಲಿ ಎಲ್ಲಿ ಓದಿದರೂ ಒಂದು ಕ್ರಮ ಕಾಣುತ್ತದೆ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಮತ್ತರು ಭೂಮಿ ಎಂದು ಹೇಳಿ, ಆಮೇಲೆ ಮೂಡಣ, ತೆಂಕಣ, ಪಡುವಣ, ಬಡಗಣ ದಿಕ್ಕಿಗೆ ಗಡಿ ಯಾವುದು ಎಂದು ಬರೆಯುತ್ತಾರೆ. ಹಳ್ಳ, ಕಲ್ಲು, ಮರ ಎಂದು ಗುರುತು ಹೇಳುತ್ತಾರೆ. ದೇವರಿಗೆ ಕೊಡುವಾಗಲೂ ಗಡಿ ಬರೆದರು. ಗಡಿ ಗೊತ್ತಿಲ್ಲದ ಹೊಲವನ್ನು ದಾನ ಕೊಡಲು ಬರುವುದಿಲ್ಲ ಎಂಬುದು ಅವರಿಗೆ ತಿಳಿದಿತ್ತು.

ನಾನು ಇವತ್ತು ಹೇಳಬೇಕೆಂದು ಬಂದಿರುವ ಮಾತೂ ಇಷ್ಟೇ. ದುಡಿಯುವ ಮಗ, ಮಗಳು ತಂದೆ-ತಾಯಿಯ ಜೊತೆ ಒಂದೇ ಮನೆಯಲ್ಲಿ ಇರುವಾಗ ಹಣಕ್ಕೊಂದು ಬದು ಬೇಕು. ಬದು ಎಂಬ ಶಬ್ದವನ್ನು ಬೇಕೆಂದೇ ಬಳಸುತ್ತಿದ್ದೇನೆ. ಇಲ್ಲಿ ಭತ್ತ ಬೆಳೆಯುವವರಿದ್ದೀರಿ. ಗದ್ದೆಯ ಬದು ನೀರು ನಿಲ್ಲಿಸುತ್ತದೆ, ಅದರ ಮೇಲೆ ಎರಡೂ ಕಡೆಯವರು ನಡೆದಾಡುತ್ತಾರೆ, ಮಧ್ಯಾಹ್ನ ಅದರ ಮೇಲೆಯೇ ಕೂತು ಬುತ್ತಿ ಬಿಚ್ಚುತ್ತಾರೆ. ಬದು ಒಡೆದ ವರ್ಷ ಇಬ್ಬರ ಗದ್ದೆಯಲ್ಲೂ ನೀರಿಲ್ಲ.

ನನ್ನ ಮನೆಯ ಕಥೆಯನ್ನೇ ಮೊದಲು ಹೇಳುತ್ತೇನೆ. ನಾನು ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯವನು. 1986ರಲ್ಲಿ ಕೆಲಸ ಸಿಕ್ಕಿತು. ಮೊದಲ ಪಗಾರದ ಲಕ್ಕೋಟೆಯನ್ನು ಅಪ್ಪನ ಕೈಗೆ ಕೊಟ್ಟೆ, ಅಪ್ಪ ಅದನ್ನು ದೇವರ ಜಗಲಿಯ ಮೇಲೆ ಇಟ್ಟು ಕೈಮುಗಿದ. ಬಸ್ಸಿನ ಖರ್ಚು, ಚಹಾದ ಖರ್ಚು ಎಂದು ಒಂದಿಷ್ಟು ತಿರುಗಿ ಕೊಟ್ಟ. ಆ ದಿನ ನನಗೆ ಆದ ಸಂತೋಷವನ್ನು ಇವತ್ತಿಗೂ ಮರೆತಿಲ್ಲ. ಹಾಗೆಯೇ ನಾಲ್ಕು ವರ್ಷ ನಡೆಯಿತು. ನಾಲ್ಕನೆಯ ವರ್ಷ ಹುಬ್ಬಳ್ಳಿಯಲ್ಲಿ ಕಾನೂನು ಓದಬೇಕೆಂದು ಮನಸ್ಸಾಗಿ, ಫೀಸಿಗೆ ಎರಡು ಸಾವಿರ ಕೇಳಿದೆ. ಅಪ್ಪ ಸುಮ್ಮನೆ ಕೂತ. ಹಣ ಇರಲಿಲ್ಲ. ಬಾವಿಗೆ ಹೋಗಿತ್ತು, ಅಕ್ಕನ ಮದುವೆಗೆ ಹೋಗಿತ್ತು, ಕಾಕಾ ಅಡತಿ ಅಂಗಡಿಯಲ್ಲಿ ಮಾಡಿದ ಸಾಲಕ್ಕೂ ಹೋಗಿತ್ತು. ಬಾವಿಯೂ ಮದುವೆಯೂ ನನಗೆ ಗೊತ್ತಿದ್ದವು, ಕಾಕಾನ ಸಾಲ ಗೊತ್ತಿರಲಿಲ್ಲ. “ಅದು ನನ್ನ ದುಡ್ಡಲ್ಲೇನು?” ಅಂದುಬಿಟ್ಟೆ. ಅಪ್ಪ ನನ್ನ ಮುಖ ನೋಡಿ ಹೇಳಿದ: “ನಿನ್ನ ದುಡ್ಡ? ನಿನ್ನ ಓದಿಗೆ ಎಷ್ಟ ಆತು ಅಂತ ಲೆಕ್ಕಾ ತಗೀಲೇನು?”

ಆ ಮೇಲೆ ನಾವು ಎಂಟು ತಿಂಗಳು ಮಾತಾಡಲಿಲ್ಲ. ಪಗಾರ ಕೊಡುವುದು ನಿಲ್ಲಿಸಲಿಲ್ಲ, ಮಾತು ನಿಲ್ಲಿಸಿದೆ. ತಿಂಗಳ ಕೊನೆಗೆ ಲಕ್ಕೋಟೆಯನ್ನು ಜಗಲಿಯ ಮೇಲೆ ಇಟ್ಟು ಹೊರಗೆ ಹೋಗುತ್ತಿದ್ದೆ. ಅವ್ವ ನಡುವೆ ನಿಂತು ಸೊರಗಿದಳು.

ಅಪ್ಪ ಕೇಳಿದ ಪ್ರಶ್ನೆ ಹೊಸದಲ್ಲ, ಅವನೊಬ್ಬನದೂ ಅಲ್ಲ ಎಂಬುದು ಬಹಳ ವರ್ಷಗಳ ಮೇಲೆ, ಸಾಲದ ಕಾಗದಗಳ ಜೊತೆ ಕಾನೂನಿನ ಪುಸ್ತಕ ಓದುವಾಗ ತಿಳಿಯಿತು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯ ನಿಯಮಗಳು ಬಹುಪಾಲು ‘ಮಿತಾಕ್ಷರಾ’ದಿಂದ ಬಂದವು. ಅದನ್ನು ಬರೆದ ವಿಜ್ಞಾನೇಶ್ವರ ನಮ್ಮ ನೆಲದವನೇ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ ಕಾಲ, ಅಂದರೆ 1076ರಿಂದ 1126ರ ನಡುವೆ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಕುಟುಂಬದ ಧನವನ್ನು ಖರ್ಚು ಮಾಡದೆ ಒಬ್ಬನು ಗಳಿಸಿದ್ದು ಅವನದೇ, ಮನೆಯ ಧನದಿಂದ ವಿದ್ಯೆ ಕಲಿತು ಗಳಿಸಿದ್ದಕ್ಕೆ ಉಳಿದವರೂ ಪಾಲುದಾರರು ಎಂಬ ವಾದ ಅಲ್ಲಿಂದ ಬೆಳೆದು ಬಂತು. ಹಾಗೆ ಓದಿನಿಂದ ಗಳಿಸಿದ್ದಕ್ಕೆ ‘ವಿದ್ಯಾಧನ’ ಎಂಬ ಹೆಸರೇ ಇದೆ.

ಬ್ರಿಟಿಷರ ಕಾಲದಲ್ಲಿ ವಕೀಲರು, ಡಾಕ್ಟರರು, ಸರಕಾರಿ ನೌಕರರು ಹೆಚ್ಚಾದಂತೆ ಈ ಜಗಳ ಕೋರ್ಟಿನ ಮೆಟ್ಟಿಲು ಹತ್ತಿತು. ಮದರಾಸಿನ ಶಾಸನಸಭೆಯಲ್ಲಿ 1891ರಲ್ಲೇ ಭಾಷ್ಯಂ ಅಯ್ಯಂಗಾರ್ ಅವರು ‘ಓದಿ ಗಳಿಸಿದ್ದು ಓದಿದವನದು’ ಎಂಬ ಮಸೂದೆ ತಂದರು, ಗವರ್ನರ್ ಒಪ್ಪಿಗೆ ಕೊಡಲಿಲ್ಲ. 1921ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಕುಟುಂಬದ ಹಣದಲ್ಲಿ ವಿಶೇಷ ಶಿಕ್ಷಣ ಪಡೆದು ಐ.ಸಿ.ಎಸ್. ಅಧಿಕಾರಿಯಾದವನ ಗಳಿಕೆಯೂ ಕುಟುಂಬದ್ದೇ ಎಂದು ತೀರ್ಪು ಕೊಟ್ಟಿತು. ನಮ್ಮಪ್ಪ ಪ್ರಿವಿ ಕೌನ್ಸಿಲ್ಲಿನ ಹೆಸರು ಕೂಡ ಕೇಳಿದವನಲ್ಲ, ಆದರೆ ಕಟ್ಟೆಯ ಮೇಲೆ ಕೂತು ಅವನು ಹೇಳಿದ್ದೂ ಅದೇ ತೀರ್ಪು. ಕೊನೆಗೆ ಮುಂಬಯಿಯ ಎಂ. ಆರ್. ಜಯಕರ್ ಅವರು ಕೇಂದ್ರ ಶಾಸನಸಭೆಯಲ್ಲಿ ಹಟ ಹಿಡಿದು ಮಸೂದೆ ತಂದರು, 1930ರಲ್ಲಿ ವಿದ್ಯಾಧನದ ಕಾಯಿದೆ ಆಯಿತು. ಓದಿಸಿದ ಖರ್ಚು ಯಾರದೇ ಇರಲಿ, ಓದಿನಿಂದ ಗಳಿಸಿದ್ದು ಗಳಿಸಿದವರ ಸ್ವಂತದ್ದು ಎಂದು ಕಾಯಿದೆ ಹೇಳಿತು. ಆಗ ನಾವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದೆವು, ಆ ಕಾಯಿದೆ ನಮಗೂ ಬಂತು. ನಾನು ಅಪ್ಪನ ಜೊತೆ ಜಗಳಾಡಿದ್ದು ಅದಾಗಿ ಅರವತ್ತು ವರ್ಷದ ಮೇಲೆ. ಕಾಯಿದೆ ಬಂದಿತ್ತು, ಪಡಸಾಲೆಯವರೆಗೆ ಬಂದಿರಲಿಲ್ಲ.

ಇನ್ನೊಂದು ದಿನಾಂಕವನ್ನು ಇಲ್ಲಿರುವ ಪ್ರತಿಯೊಬ್ಬ ಮಗನೂ ತಿಳಿದಿರಬೇಕು: 2005ರ ಸೆಪ್ಟೆಂಬರ್ 9. ಅಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿಯನ್ನು ನಾವೆಲ್ಲ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಕಾಯಿದೆ ಎಂದು ಬಲ್ಲೆವು. ಅದರಲ್ಲೇ ಇನ್ನೊಂದು ಮಾತೂ ಇದೆ. ತಂದೆ, ಅಜ್ಜ ಮಾಡಿದ ಸಾಲವನ್ನು ಮಗ ತೀರಿಸುವುದು ಧರ್ಮ ಎಂಬ ಒಂದೇ ಕಾರಣಕ್ಕೆ ಮಗನ ಮೇಲೆ ಕೋರ್ಟು ಹೋಗುವಂತಿಲ್ಲ, ಆ ದಿನದ ನಂತರದ ಸಾಲಗಳಿಗೆ ಆ ಹಳೆಯ ನಿಯಮ ಇಲ್ಲ. ತಂದೆಯಿಂದ ಬಂದ ಆಸ್ತಿಯ ಮೇಲೆ ಸಾಲ ಬರುತ್ತದೆ. ನೀವು ದುಡಿದ ಪಗಾರದ ಮೇಲೆ ಬರುವುದಿಲ್ಲ. ನೀವು ಸಹಿ ಮಾಡಿದ್ದರೆ ಮಾತ್ರ ಬರುತ್ತದೆ.

ಈ ಸಹಿಯ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಾನು ಅತಿ ಹೆಚ್ಚು ಕಣ್ಣೀರು ಕಂಡದ್ದು ಇಲ್ಲಿ. ಹುಡುಗನಿಗೆ ಪಗಾರದ ಚೀಟಿ ಬರತೊಡಗಿದ ಕೂಡಲೇ ಮನೆಯಲ್ಲಿ ಎಲ್ಲರಿಗೂ ಅದು ಸಾಲದ ಚೀಟಿಯಾಗಿ ಕಾಣುತ್ತದೆ. ಬೋರು ಕೊರೆಸಬೇಕು, ಟ್ರ್ಯಾಕ್ಟರ್ ತರಬೇಕು, ಮಾವನ ಮಗನಿಗೆ ಜಾಮೀನು ಬೇಕು. “ಒಂದ್ ಸಹಿ ಮಾಡಪಾ, ನಾ ತುಂಬತೇನಿ” ಎನ್ನುತ್ತಾರೆ, ಅದನ್ನು ಮನಸ್ಸಿನಿಂದಲೇ ಹೇಳುತ್ತಾರೆ. ಗೋವಿನಜೋಳದ ದರ ಬಿದ್ದಾಗ, ಮಳೆ ಕೈಕೊಟ್ಟಾಗ ಮನಸ್ಸಿನಿಂದ ಹೇಳಿದ ಮಾತು ಕಂತು ತುಂಬುವುದಿಲ್ಲ. 1872ರ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಸಾಲಗಾರನನ್ನು ಮೊದಲು ಕೇಳಿ, ಆಮೇಲೆ ನನ್ನನ್ನು ಕೇಳಿ ಎನ್ನುವ ಹಕ್ಕು ಜಾಮೀನುದಾರನಿಗೆ ಸಾಮಾನ್ಯವಾಗಿ ಇಲ್ಲ. ತಂದೆಯ ಸಾಲಕ್ಕೆ ಸಹಿ ಮಾಡಿ, ಮುಂದೆ ತನ್ನ ಮನೆ ಕಟ್ಟುವ ಸಾಲ ಸಿಗದೆ ಮೇಜಿನ ಮುಂದೆ ತಲೆತಗ್ಗಿಸಿ ಕೂತ ಹುಡುಗರನ್ನು ನಾನು ಕಂಡಿದ್ದೇನೆ. ತಿರುಗಿ ಹೇಳಬೇಕಾದದ್ದೂ ಇದೆ. ವಿದ್ಯಾಭ್ಯಾಸ ಸಾಲದ ಕಾಗದದಲ್ಲಿ ತಂದೆಯೋ ತಾಯಿಯೋ ಜಂಟಿ ಸಾಲಗಾರರಾಗಿ ಸಹಿ ಮಾಡಿರುತ್ತಾರೆ. ಓದು ಮುಗಿದು ಕೆಲಸ ಸಿಕ್ಕ ಮೇಲೆ ಮಗ ಮೊದಲು ಬೈಕಿನ ಕಂತು ಕಟ್ಟಿ, ಓದಿನ ಸಾಲದ ಕಂತನ್ನು ಮರೆತರೆ ನೋಟೀಸು ಹೋಗುವುದು ಅಪ್ಪನಿಗೆ. ಅರವತ್ತರ ಅಪ್ಪ ಆ ಕಾಗದ ಹಿಡಿದು ಬ್ಯಾಂಕಿನ ಬೆಂಚಿನ ಮೇಲೆ ಕೂರುವುದನ್ನು ನೋಡಲಾಗುವುದಿಲ್ಲ.

ಹೆಣ್ಣುಮಕ್ಕಳ ಮಾತಿಗೆ ಬರುತ್ತೇನೆ. ಎರಡು ವರ್ಷದ ಹಿಂದೆ ಹಾನಗಲ್ಲಿಗೆ ಹೋಗುವ ಬಸ್ಸಿನಲ್ಲಿ ನನ್ನ ಪರಿಚಯದ ಮನೆಯ ಹುಡುಗಿ ಸಿಕ್ಕಳು. ಒಂದು ಖಾಸಗಿ ದವಾಖಾನೆಯಲ್ಲಿ ಕೆಲಸ, ತಿಂಗಳಿಗೆ ₹11,000. 2023ರ ಜೂನಿನಿಂದ ಸರಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ, ಆದ್ದರಿಂದ ಟಿಕೆಟ್ಟಿಗೆಂದು ಮನೆಯಲ್ಲಿ ಕೊಡುತ್ತಿದ್ದ ಚಿಲ್ಲರೆಯೂ ನಿಂತಿತ್ತು. ಬಹಳ ಹೊತ್ತು ಸುಮ್ಮನಿದ್ದು ಮೆಲ್ಲಗೆ ಕೇಳಿದಳು: “ಸರ್, ಇನ್ನೊಂದು ಖಾತೆ ತಗದ್ರ ಮೆಸೇಜು ಅಣ್ಣನ ಫೋನಿಗೆ ಹೋಗ್ತೇತೇನ್ರಿ?” ಅವಳ ಎ.ಟಿ.ಎಂ. ಕಾರ್ಡು ಅಣ್ಣನ ಕಿಸೆಯಲ್ಲಿ, ಗುಪ್ತಸಂಖ್ಯೆ ಅವನಿಗೆ ಬಾಯಿಪಾಠ. ಅವಳ ಪಗಾರವನ್ನು ಯಾರೂ ದುಂದುಮಾಡಿರಲಿಲ್ಲ. ಅವಳ ಮದುವೆಗೆಂದೇ ಕೂಡಿಡುತ್ತಿದ್ದರು. ಆದರೂ ಅವಳಿಗೆ ತನ್ನ ಖಾತೆಯಲ್ಲಿ ಎಷ್ಟಿದೆ ಎಂಬುದು ಗೊತ್ತಿರಲಿಲ್ಲ. ಇನ್ನೊಂದು ಕಡೆ ನೋಡಿ: ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ ₹1,20,000. ಹನ್ನೊಂದು ಸಾವಿರವನ್ನು ಹನ್ನೆರಡರಿಂದ ಗುಣಿಸಿದರೆ ₹1,32,000. ಸರಕಾರದ ಲೆಕ್ಕದಲ್ಲಿ ಆ ಮನೆಯನ್ನು ಬಡತನದಿಂದ ಮೇಲೆತ್ತಿದವಳು ಅವಳೇ, ಅವಳ ಕೈಯಲ್ಲಿ ಮಾತ್ರ ಒಂದು ನೂರರ ನೋಟು ಇರಲಿಲ್ಲ.

ಅವಳು ಕಳ್ಳಿಯಲ್ಲ. ಬದು ಹಾಕಲು ಬಿಡದ ಮನೆಯಲ್ಲಿ ಗುಟ್ಟು ಹುಟ್ಟುತ್ತದೆ. ಪಗಾರ ಹೆಚ್ಚಾದದ್ದನ್ನು ಹೇಳದೆ ಮುಚ್ಚಿಡುವುದು, ಗೆಳತಿಯ ಹೆಸರಿನಲ್ಲಿ ಚೀಟಿ ಹಾಕುವುದು, ಬೋನಸ್ ಬಂದಿಲ್ಲ ಎನ್ನುವುದು ಎಲ್ಲ ಹಾಗೆಯೇ ಶುರುವಾಗುತ್ತವೆ. ಅಪ್ಪ-ಅವ್ವಂದಿರೆ, ನಿಮ್ಮ ಮಕ್ಕಳು ನಿಮಗೆ ಸುಳ್ಳು ಹೇಳುವಂತೆ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಇದು ಹಿಂದೂ ಮನೆಗಳ ಮಾತಷ್ಟೇ ಎಂದು ತಿಳಿಯಬೇಡಿ. ಸವಣೂರು, ಹಾನಗಲ್ಲಿನ ಮುಸಲ್ಮಾನ ಮನೆಗಳಲ್ಲಿ ಅವಿಭಕ್ತ ಕುಟುಂಬದ ಕಾಯಿದೆ ಇಲ್ಲ, ಅವರ ಶಾಸ್ತ್ರದಲ್ಲಿ ದುಡಿದವರದು ದುಡಿದವರದೇ. ಆದರೆ ಅಲ್ಲಿಯೂ ಗ್ಯಾರೇಜಿನಲ್ಲಿ ದುಡಿಯುವ ಹುಡುಗ ವಾರದ ಹಣವನ್ನು ಅಬ್ಬಾನ ಕೈಗೇ ಕೊಡುತ್ತಾನೆ. ಕಾಯಿದೆ ಬೇರೆಯಾದರೂ ಒಲೆ ಒಂದೇ ಆಗಿರುವಲ್ಲಿ ಪ್ರಶ್ನೆಯೂ ಒಂದೇ.

ತರುಣರ ಕಡೆಗೂ ನನಗೆ ಗಟ್ಟಿಯಾಗಿ ಹೇಳುವುದಿದೆ. ಆನವಟ್ಟಿಗೋ ಹಾನಗಲ್ಲಿಗೋ ದಿನಾ ಕೆಲಸಕ್ಕೆ ಹೋಗಿ ಬರುವ, ಅಥವಾ ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯ ಅಟ್ಟದ ಮೇಲೆ ಲ್ಯಾಪ್‌ಟಾಪಿನಲ್ಲಿ ಮಾಡುವ ಹುಡುಗರು ಈಗ ಬಹಳ. ಬಾಡಿಗೆ ಇಲ್ಲ, ಬೆಳಗ್ಗೆ ಬಿಸಿ ರೊಟ್ಟಿ, ಒಗೆದ ಬಟ್ಟೆ, ರಾತ್ರಿ ಎಷ್ಟೇ ಹೊತ್ತಾದರೂ ಮುಚ್ಚಿಟ್ಟ ತಾಟು. ಇದನ್ನೆಲ್ಲ ಉಂಡು, ಉಟ್ಟು, “ನನ್ನ ಪಗಾರ ನನ್ನದು” ಎಂದು ಕೂರುವವರು 1930ರ ಕಾಯಿದೆಯನ್ನು ಅರ್ಧ ಓದಿದವರು. ಬೆಂಗಳೂರಿನಲ್ಲಿ ಒಂದು ಪಿ.ಜಿ.ಗೆ ತಿಂಗಳಿಗೆ ಎಷ್ಟು ಕೊಡುತ್ತಿದ್ದಿರಿ ಎಂದು ನೆನಪಿಸಿಕೊಳ್ಳಿ. ಕಾಯಿದೆಯೂ ನಿಮ್ಮನ್ನು ಬಿಟ್ಟಿಲ್ಲ. ವಯಸ್ಸಾದ, ದುಡಿಯಲಾರದ ತಂದೆ-ತಾಯಿಯನ್ನು ಸಾಕುವ ಹೊಣೆ 1956ರ ಹಿಂದೂ ಜೀವನಾಂಶ ಕಾಯಿದೆಯಲ್ಲೇ ಮಗನಿಗೂ ಮಗಳಿಗೂ ಇದೆ. ಮದುವೆಯಾದ ಮಗಳಿಗೂ ಆ ಹೊಣೆ ಉಂಟು ಎಂದು ಸುಪ್ರೀಂ ಕೋರ್ಟು 1987ರಲ್ಲಿ ಹೇಳಿತು. 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ಉಪವಿಭಾಗಾಧಿಕಾರಿಯ ಮುಂದೆ ಒಂದು ಅರ್ಜಿ ಕೊಟ್ಟರೆ ಸಾಕು, ವಕೀಲರೂ ಬೇಕಿಲ್ಲ, ತಿಂಗಳಿಗೆ ₹10,000ದವರೆಗೆ ಜೀವನಾಂಶ ಕೊಡಿಸಬಹುದು.

ನಾನು ಇನ್ನೊಂದು ತಪ್ಪನ್ನೂ ಮಾಡಿದ್ದೇನೆ. ಅಪ್ಪನ ಜೊತೆ ಆದ ಜಗಳದ ಗಾಯ ನನ್ನಲ್ಲಿ ಇತ್ತಲ್ಲ, ನನ್ನ ಮಗನಿಗೆ ಕೆಲಸ ಸಿಕ್ಕಾಗ, “ನಿನ್ನ ಒಂದು ರೂಪಾಯಿಯೂ ನನಗೆ ಬೇಡ” ಅಂದೆ. ದೊಡ್ಡತನ ಎಂದುಕೊಂಡಿದ್ದೆ. ಮೂರು ವರ್ಷ ನಮ್ಮ ಜೊತೆಗಿದ್ದ. ಒಂದು ದಿನ ಅವನ ತಾಯಿ ಹೇಳಿದಳು, ಅವನು ಪ್ರತಿ ತಿಂಗಳೂ ನನಗೆ ಗೊತ್ತಾಗದ ಹಾಗೆ ಗ್ಯಾಸು, ಕಿರಾಣಿಯ ಹಣವನ್ನು ಅವಳ ಕೈಗೆ ಕೊಡುತ್ತಿದ್ದನಂತೆ. “ಅಪ್ಪಗ ನಾ ಕೊಟ್ಟದ್ದು ಬ್ಯಾಡಂತ, ನಾ ಏನ್ ಬಾಡಿಗಿ ಹುಡುಗ್ಯಾ ಈ ಮನ್ಯಾಗ?” ಎಂದು ಅತ್ತಿದ್ದನಂತೆ. ನಮ್ಮಪ್ಪ ಎಲ್ಲವನ್ನೂ ತೆಗೆದುಕೊಂಡು ನನಗೆ ಕೊಡುವ ಅವಕಾಶ ಇಲ್ಲದಂತೆ ಮಾಡಿದ. ನಾನು ಏನನ್ನೂ ತೆಗೆದುಕೊಳ್ಳದೆ ನನ್ನ ಮಗನಿಗೆ ಅದೇ ಮಾಡಿದೆ. ತನ್ನದು ಎಂಬುದು ಇದ್ದವನು ಮಾತ್ರ ಕೊಡಬಲ್ಲ, ಕೊಟ್ಟದ್ದನ್ನು ತೆಗೆದುಕೊಳ್ಳುವವರೂ ಬೇಕು.

ಹಾಗಾದರೆ ಎಷ್ಟು ಕೊಡಬೇಕು? ಶರಣರಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಆಯ್ದಲ್ಲೇ ಸುರಿದು ಬಾ ಎಂದು ಕಳಿಸಿದಳು. ನಾನು ಆ ಕಥೆಯನ್ನು ಅಡುಗೆಮನೆಯ ಕಥೆಯಾಗಿಯೂ ಓದುತ್ತೇನೆ. ಈ ಮನೆಗೆ ಎಷ್ಟು ಬೇಕು ಎಂಬುದು ಅವಳಿಗೆ ಅಳತೆಯಲ್ಲಿ ಗೊತ್ತಿತ್ತು. ನಮ್ಮ ಮನೆಗಳಲ್ಲಿ ಎಷ್ಟು ಜನಕ್ಕೆ ತಮ್ಮ ಮನೆಯ ತಿಂಗಳ ಖರ್ಚು ಗೊತ್ತಿದೆ? ಅಕ್ಕಿ, ಜೋಳ ಹೊಲದಿಂದ ಬರುತ್ತದೆ, ಆದ್ದರಿಂದ ಖರ್ಚೇ ಇಲ್ಲ ಎನ್ನುತ್ತೇವೆ. ಒಂದು ತಿಂಗಳು ಬರೆದು ನೋಡಿ. ಹಾಲು, ಗ್ಯಾಸು, ಸಂತೆ, ಔಷಧ, ಕರೆಂಟು, ಫೋನು, ಮದುವೆ ಮುಯ್ಯಿ. ಆ ಮೊತ್ತ ಎದುರಿಗಿದ್ದರೆ ‘ಎಷ್ಟು ಕೊಡಲಿ’ ಎಂಬ ಮಾತಿಗೆ ಉತ್ತರ ತಾನಾಗಿ ಬರುತ್ತದೆ, ಪ್ರೀತಿಯ ಪರೀಕ್ಷೆ ಆಗುವುದಿಲ್ಲ.

ಕೊಟ್ಟ ಪಾಲಿಗೆ ಮಗ ಲೆಕ್ಕ ಕೇಳಬಾರದು, ಉಳಿದ ಪಾಲಿಗೆ ಅಪ್ಪ ಲೆಕ್ಕ ಕೇಳಬಾರದು ಎಂಬುದು ನನ್ನ ಅಭಿಪ್ರಾಯ. ಅದರ ಹೊರಗೆ ದೊಡ್ಡ ಮೊತ್ತ ಬೇಕಾದಾಗ ಅದು ಸಾಲವೋ ಕೊಡುಗೆಯೋ ಎಂದು ಆ ದಿನವೇ ಮಾತಾಡಿ ಬರೆದಿಡಿ. ಮನೆಯ ಹಣದ ಜಗಳಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ: ಕೊಟ್ಟವನು ಕೈಗಡ ಅಂದುಕೊಂಡಿರುತ್ತಾನೆ, ಪಡೆದವರು ಮಗನ ಕರ್ತವ್ಯ ಅಂದುಕೊಂಡಿರುತ್ತಾರೆ, ಹತ್ತು ವರ್ಷದ ಮೇಲೆ ಆಸ್ತಿ ಪಾಲಾಗುವ ದಿನ ಎರಡೂ ಹೊರಗೆ ಬರುತ್ತವೆ. ಆ ಹೊತ್ತಿಗೆ ಸೊಸೆ ಬಂದಿರುತ್ತಾಳೆ, ತಪ್ಪು ಅವಳ ತಲೆಗೆ ಕಟ್ಟುತ್ತಾರೆ. ತಮ್ಮ ಕಟ್ಟಿಸಿದ ಮನೆ, ಅಣ್ಣನ ಹೆಸರಿನ ಉತಾರ, ಅಪ್ಪ ಬಾಯಿಮಾತಿನಲ್ಲಿ ಕೊಟ್ಟ ಭರವಸೆ ಇವುಗಳ ನಡುವೆ ಹರಿದುಹೋದ ಮನೆಗಳನ್ನು ನಾನು ದುಡಿದ ನಾಲ್ಕೂ ತಾಲೂಕುಗಳಲ್ಲಿ ಕಂಡಿದ್ದೇನೆ.

ಹಿರಿಯರೆ, ಬದು ನಿಮ್ಮ ಕಡೆಗೂ ಬೇಕು. ಮಗನ ಪಗಾರ ಬರತೊಡಗಿತೆಂದು ನಿಮ್ಮ ಖಾತೆ ಬತ್ತಿಸಬೇಡಿ, ಪಿಂಚಣಿಯ ಪುಸ್ತಕವನ್ನು ಇನ್ನೊಬ್ಬರ ಕೈಗೆ ಕೊಡಬೇಡಿ. ಜೀವ ಇರುವಾಗಲೇ ಹೊಲ-ಮನೆಯನ್ನು ಮಕ್ಕಳ ಹೆಸರಿಗೆ ಮಾಡುವುದಾದರೆ, ನಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ದಾನಪತ್ರದಲ್ಲಿ ಬರೆಸಿ. ಹಾಗೆ ಬರೆಸಿದ್ದು ನಡೆಯದೆ ಹೋದರೆ 2007ರ ಕಾಯಿದೆಯ 23ನೆಯ ಕಲಮಿನಲ್ಲಿ ಆ ಪತ್ರವನ್ನು ರದ್ದು ಮಾಡಿಸಬಹುದು. ‘ಮಗನ ಮೇಲೆ ಷರತ್ತೇ?’ ಎಂದು ನಾಚಬೇಡಿ. ದೇವರಿಗೆ ಕೊಟ್ಟವರೂ ಕಲ್ಲಿನ ಮೇಲೆ ಗಡಿ ಬರೆಸಿದ್ದನ್ನು ಆಗಲೇ ಹೇಳಿದೆ.

ಅವ್ವಂದಿರಿಗೆ ಬೇರೆಯಾಗಿಯೇ ಒಂದು ಮಾತು. ಮನೆಯಲ್ಲಿ ಎಲ್ಲರ ದುಡಿಮೆಗೂ ಲೆಕ್ಕ ಇದೆ, ನಿಮ್ಮ ದುಡಿಮೆಗೆ ಇಲ್ಲ. ಮಗನ ಪಾಲಿನ ಹಣ ಅಪ್ಪನ ಕೈಗೆ ಹೋಗಬೇಕೋ ನಿಮ್ಮ ಕೈಗೆ ಬರಬೇಕೋ ಎಂಬುದನ್ನು ಯಾರೂ ನಿಮ್ಮನ್ನು ಕೇಳಿಲ್ಲ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ ₹2,000 ನಿಮ್ಮ ಖಾತೆಗೆ ಬರತೊಡಗಿದ ಮೇಲೆ ಎಷ್ಟೋ ಜನ ಮೊದಲ ಸಲ ನಿಮ್ಮ ಹೆಸರಿನ ಪಾಸ್‌ಬುಕ್ಕನ್ನು ನೀವೇ ಹಿಡಿದು ಬ್ಯಾಂಕಿನ ಸಾಲಿನಲ್ಲಿ ನಿಂತಿರಿ. ಅದನ್ನು ನೋಡಿ ನನಗೆ ಆದ ಸಮಾಧಾನ ಹೇಳತೀರದು.

ಇಲ್ಲಿ ಕೂತಿರುವ, ಪಗಾರ ಪಡೆಯುವ ಪ್ರತಿಯೊಬ್ಬರಿಗೂ ನನ್ನ ಬೇಡಿಕೆ ಇಷ್ಟು. ಮುಂದಿನ ಪಗಾರ ಆದ ದಿನ ಸಂಜೆ ಫೋನು ಪಕ್ಕಕ್ಕಿಟ್ಟು ಅಪ್ಪ-ಅವ್ವನ ಎದುರು ಕೂಡಿ. ಎಷ್ಟು ಬಂತು, ಅದರಲ್ಲಿ ಮನೆಗೆ ಎಷ್ಟು, ನನಗೆ ಎಷ್ಟು, ಓದಿನ ಸಾಲಕ್ಕೆ ಎಷ್ಟು ಎಂದು ಬಾಯಿಬಿಟ್ಟು ಹೇಳಿ. ಅವ್ವನ ಪಾಲನ್ನು ಅವ್ವನ ಖಾತೆಗೇ ಹಾಕಿ, ಕಾರ್ಡು ಅವಳ ಹತ್ತಿರವೇ ಇರಲಿ. ಅಪ್ಪಂದಿರೆ, ಮಗಳ ಕಾರ್ಡು ನಿಮ್ಮ ಕಿಸೆಯಲ್ಲೋ ಅವಳ ಅಣ್ಣನ ಕಿಸೆಯಲ್ಲೋ ಇದ್ದರೆ, ಇವತ್ತು ರಾತ್ರಿ ಊಟಕ್ಕೆ ಕೂಡುವ ಮೊದಲು ಅದನ್ನು ಅವಳ ಕೈಗೆ ಕೊಡಿ.